ಸರ್ವಿಸ್ ಬ್ಲೂಪ್ರಿಂಟ್‌ನಲ್ಲಿ ಗೆರೆಗಳನ್ನು ಎಲ್ಲಿ ಎಳೆಯಬೇಕು? ರಕ್ತಪರೀಕ್ಷೆ ಲ್ಯಾಬಿನ ಉದಾಹರಣೆ

ಎಂಬಿಎ ಎರಡನೇ ಸೆಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸರ್ವಿಸಸ್ ಮ್ಯಾನೇಜ್‌ಮೆಂಟ್ ಅಸೈನ್‌ಮೆಂಟಿಗೆ ಯಾವುದಾದರೂ ಒಂದು ಸೇವೆಯ ಬ್ಲೂಪ್ರಿಂಟ್ (ಗ್ರಾಹಕರ ಹೆಜ್ಜೆಗಳನ್ನೂ ಅವುಗಳ ಹಿಂದೆ ಸಂಸ್ಥೆಯಲ್ಲಿ ನಡೆಯುವ ಕೆಲಸಗಳನ್ನೂ ಸಾಲುಸಾಲಾಗಿ ತೋರಿಸುವ ಚಿತ್ರ) ಬರೆದು, ಅದರ ಆಧಾರದ ಮೇಲೆ ಮೂರು ಸುಧಾರಣೆ ಸೂಚಿಸಬೇಕಿದೆ. ನಾನು ಆರಿಸಿಕೊಂಡಿರುವುದು ಡಯಾಗ್ನೋಸ್ಟಿಕ್ ಲ್ಯಾಬಿನ ರಕ್ತಪರೀಕ್ಷೆ. ಐದು ಸಾಲು, ಮೂರು ಗೆರೆ ಎಂಬುದು ಪಠ್ಯದಿಂದ ಗೊತ್ತು. ಬರೆಯಲು ಕೂತರೆ ನಾಲ್ಕು ಕಡೆ ಸಿಕ್ಕಿಕೊಳ್ಳುತ್ತಿದೆ.

1. ಫ್ಲೋಚಾರ್ಟ್, ಕಸ್ಟಮರ್ ಜರ್ನಿ ಮ್ಯಾಪ್, ಸರ್ವಿಸ್ ಬ್ಲೂಪ್ರಿಂಟ್ ಮೂರಕ್ಕೂ ಏನು ವ್ಯತ್ಯಾಸ? ನನ್ನ ಕರಡು ಫ್ಲೋಚಾರ್ಟ್ ಹಾಗೇ ಕಾಣುತ್ತಿದೆ.
2. ರಕ್ತ ತೆಗೆಯುವುದು ಗ್ರಾಹಕರ ಎದುರೇ ನಡೆಯುತ್ತದೆ, ಸರಿ. ಟ್ಯೂಬಿಗೆ ಲೇಬಲ್ ಅಂಟಿಸುವುದು ಅದೇ ಕೋಣೆಯಲ್ಲಿ, ಆದರೆ ಹಿಂದಿನ ಮೇಜಿನ ಮೇಲೆ. ಅದು ಎದುರಿನ ಕೆಲಸವೋ ತೆರೆಮರೆಯದ್ದೋ? ಸಾಫ್ಟ್‌ವೇರ್, ಫೋನ್ ಕರೆ ಎಲ್ಲಿಗೆ ಸೇರುತ್ತವೆ?
3. ಈಗಾಗಲೇ 31 ಬಾಕ್ಸ್ ಆಗಿವೆ. ಇದು ಹೆಚ್ಚಾಯಿತೇ?
4. ಫೇಲ್ ಪಾಯಿಂಟ್ ಗುರುತು ಹಾಕಲು ಹೋದರೆ ಪ್ರತಿ ಬಾಕ್ಸಿನಲ್ಲೂ ಏನಾದರೂ ತಪ್ಪಬಹುದು ಅನ್ನಿಸುತ್ತದೆ. ಎಲ್ಲದಕ್ಕೂ ಹಾಕಬೇಕೇ?

ಆಪರೇಷನ್ಸ್ ಮೇಷ್ಟ್ರು

ನಿಮ್ಮ ನಾಲ್ಕೂ ಪ್ರಶ್ನೆಗಳ ಬೇರು ಒಂದೇ. ಚಿತ್ರವನ್ನು ಎಡದಿಂದ ಬಲಕ್ಕೆ ಮಾತ್ರ ಓದುತ್ತಿದ್ದೀರಿ. ಬ್ಲೂಪ್ರಿಂಟ್‌ನ ಜೀವ ಇರುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಬಾಣಗಳಲ್ಲಿ. ಗ್ರಾಹಕರ ಒಂದು ಹೆಜ್ಜೆಯ ಕೆಳಗೆ ಯಾರು ಯಾರು ಏನೇನು ಮಾಡಿದರೆ ಆ ಹೆಜ್ಜೆ ಸಾಧ್ಯವಾಗುತ್ತದೆ ಎಂದು ಅದು ಹೇಳಬೇಕು.

ಫ್ಲೋಚಾರ್ಟ್ ಹೇಳುವುದು ಇದಾದ ಮೇಲೆ ಯಾವುದು ಎಂದಷ್ಟೆ. ಆ ಕೆಲಸ ಗ್ರಾಹಕರಿಗೆ ಕಾಣುತ್ತದೆಯೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಜರ್ನಿ ಮ್ಯಾಪ್ ಗ್ರಾಹಕರ ಅನುಭವವನ್ನು, ಅವರ ಆತಂಕ ಮತ್ತು ಸಮಾಧಾನವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಸಂಸ್ಥೆಯ ಒಳಗೆ ಇಳಿಯುವುದಿಲ್ಲ. 'ರಿಪೋರ್ಟ್ ತಡವಾಯಿತು, ಗ್ರಾಹಕರಿಗೆ ಬೇಸರ' ಎನ್ನುವಲ್ಲಿಗೆ ಜರ್ನಿ ಮ್ಯಾಪ್ ಮುಗಿಯುತ್ತದೆ. ತಡವಾದದ್ದು ಯಾವ ಕೈಯಿಂದ ಯಾವ ಕೈಗೆ ದಾಟುವಾಗ ಎಂಬುದು ಬ್ಲೂಪ್ರಿಂಟ್‌ನಲ್ಲಿ ಕಾಣುತ್ತದೆ.

ಇದನ್ನು ರೂಪಿಸಿದವರು ಬ್ಯಾಂಕಿಂಗ್ ಕ್ಷೇತ್ರದಲ್ಲಿದ್ದ ಜಿ. ಲಿನ್ ಶೋಸ್ಟಾಕ್. 1982ರಲ್ಲಿ ಮೊದಲು ಬರೆದರು, 1984ರ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಲೇಖನದಿಂದ ಅದು ಎಲ್ಲೆಡೆ ಹರಡಿತು. ಅಲ್ಲಿನ ಶೂ ಪಾಲಿಶ್ ಉದಾಹರಣೆಯನ್ನು ವಿದ್ಯಾರ್ಥಿಗಳು ಒಮ್ಮೆ ನಿಧಾನವಾಗಿ ನೋಡಲೇಬೇಕು. ಶೂ ಉಜ್ಜಲು 30 ಸೆಕೆಂಡ್, ಪಾಲಿಶ್ ಹಚ್ಚಲು 30, ಹೊಳಪು ಬರಿಸಲು 45, ಹಣ ತೆಗೆದುಕೊಳ್ಳಲು 15, ಒಟ್ಟು 2 ನಿಮಿಷ. ಗ್ರಾಹಕರು 5 ನಿಮಿಷದವರೆಗೂ ತಾಳಿಕೊಳ್ಳುತ್ತಾರೆ. ಆದರೆ 50 ಸೆಂಟ್ ಬೆಲೆಯ ಆ ಪಾಲಿಶ್ 4 ನಿಮಿಷ ತೆಗೆದುಕೊಂಡರೆ ಅಷ್ಟರಲ್ಲೇ ಅಂಗಡಿಗೆ ನಷ್ಟ. ಅಂದರೆ ಗ್ರಾಹಕರು ಗೊಣಗುವುದಕ್ಕೆ ಮೊದಲೇ ಲಾಭ ಕರಗಿಹೋಗಿರುತ್ತದೆ. ಹೆಜ್ಜೆಯ ಪಕ್ಕದಲ್ಲಿ ಸಮಯ ಬರೆಯದ ಬ್ಲೂಪ್ರಿಂಟ್ ಅರ್ಧ ಬ್ಲೂಪ್ರಿಂಟ್ ಎನ್ನುವುದು ಇದಕ್ಕೇ. ಇಂದಿನ ಪಠ್ಯಗಳಲ್ಲಿ ಬಿಟ್ನರ್, ಆಸ್ಟ್ರೋಮ್, ಮಾರ್ಗನ್ ಅವರ 2008ರ ಲೇಖನದ ಐದು ಸಾಲಿನ ರೂಪ ಇರುತ್ತದೆ, ಆದರೆ ಎಷ್ಟೋ ವಿದ್ಯಾರ್ಥಿಗಳ ಚಿತ್ರಗಳಲ್ಲಿ ಸಮಯವೇ ಮಾಯವಾಗಿರುತ್ತದೆ.

ಇನ್ನು ಬರೆಯುವ ಕ್ರಮ. ಹಾಳೆಯ ಮೇಲ್ಭಾಗದಲ್ಲಿ ಮೊದಲು ಒಂದೇ ವಾಕ್ಯದಲ್ಲಿ ಎಲ್ಲೆ ಬರೆಯಿರಿ: ಯಾವ ಸೇವೆ, ಯಾವ ಗ್ರಾಹಕರು, ಎಲ್ಲಿಂದ ಎಲ್ಲಿಯವರೆಗೆ. ಉದಾಹರಣೆಗೆ, 'ಖಾಲಿ ಹೊಟ್ಟೆಯ ಗ್ಲೂಕೋಸ್, ರಕ್ತಕಣಗಳ ಎಣಿಕೆ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆಗೆ ತಾವೇ ನಡೆದು ಬರುವ ವಯಸ್ಕರು, ಸಮಯ ಕಾಯ್ದಿರಿಸುವುದರಿಂದ ರಿಪೋರ್ಟ್ ಕೈಗೆ ಸಿಗುವವರೆಗೆ.' ಮನೆಗೇ ಬಂದು ರಕ್ತ ತೆಗೆಯುವ ಸೇವೆ ಇದರಲ್ಲಿ ಬೆರೆಯಬಾರದು, ಅದಕ್ಕೆ ಬೇರೆ ಹಾಳೆ. ಎರಡು ಬಗೆಯ ಗ್ರಾಹಕರನ್ನು ಒಂದೇ ಹಾಳೆಯಲ್ಲಿ ತುರುಕಿದರೆ ಪ್ರತಿ ಕಂಬದಲ್ಲೂ (ಗ್ರಾಹಕರ ಒಂದು ಹೆಜ್ಜೆ ಮತ್ತು ಅದರ ಕೆಳಗಿನ ಬಾಕ್ಸ್‌ಗಳು ಸೇರಿ ಒಂದು ಕಂಬ) 'ಹೀಗಿದ್ದರೆ', 'ಹಾಗಿದ್ದರೆ' ಕವಲು ಒಡೆದು ಚಿತ್ರ ಓದಲಾಗದಂತಾಗುತ್ತದೆ. ನಿಮ್ಮ 31 ಬಾಕ್ಸ್‌ಗಳಲ್ಲಿ ಕೆಲವು ಹೀಗೆ ಬಂದಿರಬಹುದು, ನೋಡಿಕೊಳ್ಳಿ.

ಆಮೇಲೆ ಗ್ರಾಹಕರ ಕ್ರಿಯೆಗಳ ಸಾಲನ್ನು ಪೂರ್ತಿ ಬರೆದು ಮುಗಿಸಿ. ಅದು ಮುಗಿಯುವವರೆಗೆ ಕೆಳಗಿನ ಸಾಲುಗಳನ್ನು ಮುಟ್ಟಬೇಡಿ. ಸಮಯ ಕಾಯ್ದಿರಿಸುವುದು, ಉಪವಾಸ ಇರುವುದು, ಲ್ಯಾಬಿಗೆ ಬರುವುದು, ಹೆಸರು ನೋಂದಾಯಿಸಿ ಹಣ ಕಟ್ಟುವುದು, ಕಾಯುವುದು, ಹೆಸರು ಹೇಳಿ ಗುರುತು ಖಚಿತಪಡಿಸುವುದು, ರಕ್ತ ಕೊಡುವುದು, ಹತ್ತಿ ಒತ್ತಿಕೊಂಡು ಕೂರುವುದು, ಹೊರಡುವುದು, ಸಂದೇಶ ಪಡೆಯುವುದು, ರಿಪೋರ್ಟ್ ತೆರೆದು ಓದುವುದು. ಉಪವಾಸವನ್ನು ಮರೆಯುವವರೇ ಹೆಚ್ಚು. ಅದು ಲ್ಯಾಬಿನ ಹೊರಗೆ ನಡೆದರೂ ಫಲಿತಾಂಶ ಅದರ ಮೇಲೇ ನಿಂತಿದೆ. ಹಾಗಾಗಿ ಅದೂ ಗ್ರಾಹಕರ ಕ್ರಿಯೆಯೇ.

ನಂತರ ಒಂದೊಂದೇ ಕಂಬ ಹಿಡಿದು ಕೆಳಗಿಳಿಯಿರಿ. ಗ್ರಾಹಕರ ಕ್ರಿಯೆಯ ಕೆಳಗೆ ಸಂಪರ್ಕ ಗೆರೆ, ಅದರ ಕೆಳಗೆ ಸಿಬ್ಬಂದಿ ಎದುರಿಗೆ ಮಾಡುವ ಕೆಲಸ, ಅದರಡಿ ಗೋಚರ ಗೆರೆ, ಆಮೇಲೆ ತೆರೆಮರೆಯ ಕೆಲಸ, ಆಂತರಿಕ ಸಂಪರ್ಕ ಗೆರೆ, ಕೊನೆಗೆ ಬೆಂಬಲ ಪ್ರಕ್ರಿಯೆಗಳು. ಭೌತಿಕ ಪುರಾವೆಯ ಸಾಲು ಎಲ್ಲಕ್ಕಿಂತ ಮೇಲಿದ್ದರೂ ಅದನ್ನು ತುಂಬುವುದು ಕೊನೆಯಲ್ಲಿ: ಟೋಕನ್ ಚೀಟಿ, ಕುರ್ಚಿ, ಎದುರಿಗೇ ಒಡೆದ ಸೂಜಿಯ ಪ್ಯಾಕೆಟ್, ಗ್ಲವ್ಸ್, ರಶೀದಿ, ರಿಪೋರ್ಟಿನ ಪಿಡಿಎಫ್. ಲ್ಯಾಬಿನ ಒಳಗಡೆ ಎಷ್ಟು ನಿಖರವಾಗಿ ಕೆಲಸ ನಡೆಯುತ್ತಿದೆ ಎಂದು ಅಳೆಯಲು ಗ್ರಾಹಕರಿಗೆ ದಾರಿಯಿಲ್ಲ. ಅವರು ನಂಬಿಕೆ ಇಡುವುದು ಈ ಸಾಲಿನ ವಸ್ತುಗಳ ಮೇಲೆ.

ಬಾಕ್ಸ್ ಎಷ್ಟಿರಬೇಕು ಎಂಬುದಕ್ಕೆ: ಒಟ್ಟು ಬಾಕ್ಸ್ ಎಣಿಸಬೇಡಿ, ಗ್ರಾಹಕರ ಕಂಬಗಳನ್ನು ಎಣಿಸಿ. ಮೊದಲ ಬ್ಲೂಪ್ರಿಂಟಿಗೆ 10ರಿಂದ 15 ಕಂಬ ಧಾರಾಳವಾಯಿತು. ಒಂದೇ ಬಾಕ್ಸಿನಲ್ಲಿ ಇಬ್ಬರ ಕೆಲಸ ಸೇರಿದ್ದರೆ ಒಡೆಯಿರಿ. ಅಕ್ಕಪಕ್ಕದ ಎರಡು ಬಾಕ್ಸ್‌ಗಳನ್ನು ಒಬ್ಬರೇ, ಒಂದೇ ಜಾಗದಲ್ಲಿ, ನಡುವೆ ಕಾಯದೆ ಮಾಡುತ್ತಿದ್ದರೆ ಕೂಡಿಸಿ.

ಲ್ಯಾಬ್ ಕ್ವಾಲಿಟಿ

ಮೇಷ್ಟ್ರು ಕ್ರಮ ಹೇಳಿದ್ದಾರೆ. ಗೋಚರ ಗೆರೆಯ ಕೆಳಗೆ ಈ ಸೇವೆಯಲ್ಲಿ ನಿಜವಾಗಿ ಏನಿರುತ್ತದೆ ಎಂದು ನಾನು ಬರೆಯುತ್ತೇನೆ. ಅಲ್ಲಿ 'ಸ್ಯಾಂಪಲ್ ಪರೀಕ್ಷೆ' ಎಂದು ಒಂದೇ ಬಾಕ್ಸ್ ಹಾಕಿ ಮುಗಿಸಿದರೆ ಅಸೈನ್‌ಮೆಂಟಿನ ತಿರುಳೇ ತಪ್ಪಿಹೋಗುತ್ತದೆ.

ಮೇಲಿನ ಮೂರು ಪರೀಕ್ಷೆಗೆ ಮೂರು ಟ್ಯೂಬ್ ಬೇಕು. ಕೊಲೆಸ್ಟ್ರಾಲಿಗೆ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಟ್ಯೂಬ್, ರಕ್ತಕಣಗಳ ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್, ಗ್ಲೂಕೋಸಿಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್. ತುಂಬುವುದೂ ಇದೇ ಕ್ರಮದಲ್ಲಿ. ಇಡಿಟಿಎ ಟ್ಯೂಬ್ ಮೊದಲು ತುಂಬಿ, ಅದರ ರಾಸಾಯನಿಕ ಚೂರೇ ಚೂರು ಸೀರಮ್ ಟ್ಯೂಬಿಗೆ ದಾಟಿದರೂ ಅಲ್ಲಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಕ್ಯಾಲ್ಸಿಯಂ ಸುಳ್ಳಾಗಿ ಇಳಿಯುತ್ತದೆ. ನಿಮ್ಮ ಪಟ್ಟಿಯಲ್ಲಿ ಆ ಎರಡು ಪರೀಕ್ಷೆ ಇಲ್ಲದಿದ್ದರೂ ಅದೇ ಟ್ಯೂಬಿಗೆ ನಾಳೆ ವೈದ್ಯರು ಇನ್ನೊಂದು ಪರೀಕ್ಷೆ ಸೇರಿಸಬಹುದು, ಆದ್ದರಿಂದ ಕ್ರಮ ಎಲ್ಲರಿಗೂ ಒಂದೇ.

ಇಡಿಟಿಎ ಟ್ಯೂಬನ್ನು ತುಂಬಿದ ತಕ್ಷಣ 8ರಿಂದ 10 ಬಾರಿ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಬೆರೆಸದಿದ್ದರೆ ಸಣ್ಣ ಸಣ್ಣ ಹೆಪ್ಪುಗಳು ಆಗುತ್ತವೆ, ಎಣಿಕೆ ಕೆಡುತ್ತದೆ. ಜೋರಾಗಿ ಅಲುಗಾಡಿಸಿದರೆ ಕೆಂಪುಕಣಗಳು ಒಡೆಯುತ್ತವೆ. ಎರಡರಲ್ಲಿ ಯಾವುದಾದರೂ ಆದರೆ ಒಳಗಿನವರು ಸ್ಯಾಂಪಲ್ ತಿರಸ್ಕರಿಸುತ್ತಾರೆ, ಗ್ರಾಹಕರಿಗೆ 'ದಯವಿಟ್ಟು ಮತ್ತೆ ಬನ್ನಿ' ಎಂಬ ಕರೆ ಹೋಗುತ್ತದೆ. ಈ ಕಂಬವನ್ನು ಗಮನವಿಟ್ಟು ನೋಡಿ. ಗ್ರಾಹಕರಿಗೆ ತಪ್ಪು ತಿಳಿಯುವುದು ಮೂರ್ನಾಲ್ಕು ಕಂಬ ದಾಟಿದ ಮೇಲೆ, ಫೋನಿನಲ್ಲಿ. ತಪ್ಪು ಆದದ್ದು ಅವರ ಕಣ್ಣೆದುರೇ, ಕೆಲವು ಸೆಕೆಂಡುಗಳ ಒಂದು ಕೈಚಲನೆಯಲ್ಲಿ. ಫೇಲ್ ಪಾಯಿಂಟ್ ಗುರುತನ್ನು ಫೋನ್ ಕರೆಯ ಬಾಕ್ಸಿಗೆ ಹಾಕಬಾರದು, ಟ್ಯೂಬ್ ಬೆರೆಸುವ ಬಾಕ್ಸಿಗೆ ಹಾಕಬೇಕು. ಲ್ಯಾಬಿನ ತಪ್ಪುಗಳಲ್ಲಿ ಹೆಚ್ಚಿನವು ಯಂತ್ರದೊಳಗೆ ಆಗುವುದಿಲ್ಲ, ಸ್ಯಾಂಪಲ್ ಯಂತ್ರ ತಲುಪುವ ಮೊದಲಿನ ಹಂತದಲ್ಲೇ ಆಗುತ್ತವೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ಮಾತು.

ಸೀರಮ್ ಟ್ಯೂಬ್ ನೇರ ನಿಂತು ಹೆಪ್ಪುಗಟ್ಟಲು ಸುಮಾರು 30 ನಿಮಿಷ, ಸೆಂಟ್ರಿಫ್ಯೂಜಿನಲ್ಲಿ (ಟ್ಯೂಬನ್ನು ವೇಗವಾಗಿ ತಿರುಗಿಸಿ ರಕ್ತಕಣಗಳನ್ನು ಬೇರ್ಪಡಿಸುವ ಯಂತ್ರ) ತಿರುಗಲು ಸುಮಾರು 10 ನಿಮಿಷ. ಇಡಿಟಿಎ ಟ್ಯೂಬಿಗೆ ಇವೆರಡೂ ಬೇಡ, ಸೀದಾ ಯಂತ್ರಕ್ಕೆ ಹೋಗಬಹುದು. ಫ್ಲೋರೈಡ್ ಟ್ಯೂಬ್ ಹೆಪ್ಪುಗಟ್ಟುವವರೆಗೆ ಕಾಯಬೇಕಿಲ್ಲ, ತಿರುಗಿಸಿದರೆ ಸಾಕು. ಗ್ಲೂಕೋಸನ್ನು ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ರಕ್ತಕಣಗಳು ಅದನ್ನು ಬಳಸುತ್ತಲೇ ಇರುತ್ತವೆ, ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಅಂದರೆ ಒಂದೇ ಬಾರಿ ಸೂಜಿ ಚುಚ್ಚಿದರೂ ತೆರೆಮರೆಯಲ್ಲಿ ಮೂರು ಬೇರೆ ಬೇರೆ ದಾರಿಗಳು. ರಿಪೋರ್ಟ್ ಮಾತ್ರ ಒಂದೇ.

ಬೆಂಬಲ ಪ್ರಕ್ರಿಯೆಗೆ ಬರುವುದು: ಯಂತ್ರದ ಕ್ಯಾಲಿಬ್ರೇಷನ್, ದಿನದ ಕಂಟ್ರೋಲ್ ಸ್ಯಾಂಪಲ್ (ಯಂತ್ರ ಸರಿಯಿದೆಯೇ ಎಂದು ನೋಡಲು ಬಳಸುವ, ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಓಡಿಸುವುದು, ರೀಏಜೆಂಟ್ ಮತ್ತು ಟ್ಯೂಬುಗಳ ದಾಸ್ತಾನು, ಟ್ಯೂಬಿನ ಎಕ್ಸ್‌ಪೈರಿ ನೋಡುವುದು, ಲ್ಯಾಬ್ ಸಾಫ್ಟ್‌ವೇರಿನ ನಿರ್ವಹಣೆ. ಕಂಟ್ರೋಲ್ ಸ್ಯಾಂಪಲ್ ಸರಿಬರದಿದ್ದರೆ ಆ ಪರೀಕ್ಷೆಯ ರಿಪೋರ್ಟ್‌ಗಳೆಲ್ಲ ನಿಲ್ಲುತ್ತವೆ. ಗ್ರಾಹಕರ ಸಾಲಿನಲ್ಲಿ 'ಸಂದೇಶ ಪಡೆಯುವುದು' ಎಂಬ ಬಾಕ್ಸಿಗೂ ಅತಿ ಕೆಳಗಿನ ಈ ಬಾಕ್ಸಿಗೂ ಇರುವ ಬಾಣವನ್ನು ಬಿಡಬೇಡಿ.

ಇನ್ನೊಂದು ಕವಲೂ ಇದೆ. ಅಪಾಯದ ಮಟ್ಟದ ಫಲಿತಾಂಶ ಬಂದರೆ ಲ್ಯಾಬಿನವರು ರಿಪೋರ್ಟ್ ಸಿದ್ಧವಾಗಲಿ ಎಂದು ಕಾಯದೆ ವೈದ್ಯರಿಗೆ ನೇರವಾಗಿ ಫೋನ್ ಮಾಡಿ, ಅವರು ಅಂಕಿಯನ್ನು ತಿರುಗಿ ಓದಿ ಹೇಳುವಂತೆ ಕೇಳಿ, ಕರೆಯ ಸಮಯ ದಾಖಲಿಸುತ್ತಾರೆ. ಇದನ್ನು ಮುಖ್ಯ ಹಾಳೆಯಲ್ಲಿ ಒಂದು ಚಿಕ್ಕ ಗುರುತಿನಿಂದ ತೋರಿಸಿ ಬೇರೆ ಹಾಳೆಗೆ ಕಳಿಸಿ.

ಲೇಬಲ್ ಪ್ರಶ್ನೆಗೆ ಬಂದರೆ, ಅದು ಹಿಂದಿನ ಮೇಜಿನ ಮೇಲೆ ನಡೆಯುವುದೇ ತಪ್ಪು. ಗ್ರಾಹಕರು ಕುರ್ಚಿಯಿಂದ ಏಳುವ ಮೊದಲೇ, ಅವರ ಎದುರೇ ಲೇಬಲ್ ಅಂಟಬೇಕು. ಪೂರ್ಣ ಹೆಸರು ಮತ್ತು ಹುಟ್ಟಿದ ದಿನಾಂಕದಂತಹ ಎರಡು ಗುರುತುಗಳನ್ನು ಅವರ ಬಾಯಿಂದಲೇ ಹೇಳಿಸಬೇಕು. 'ನೀವು ಇಂಥವರಲ್ಲವೇ?' ಎಂದು ಕೇಳಿದರೆ ಆತಂಕದಲ್ಲಿರುವವರು ಬೇರೆಯವರ ಹೆಸರಿಗೂ ಹೂಂ ಅನ್ನಬಹುದು.

ಸರ್ವಿಸ್ ಡಿಸೈನರ್

ಲೇಬಲ್ ವಿಷಯದಲ್ಲಿ ಲ್ಯಾಬ್ ಕ್ವಾಲಿಟಿಯವರು ಹೇಳಿದ್ದು ಪೂರ್ತಿ ಸರಿ. ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ತೆಗೆದುಕೊಂಡು ಹೋಗಬೇಕು. ಗೋಚರ ಗೆರೆ ಗೋಡೆಯಲ್ಲ. ಅದು ಎಲ್ಲಿರಬೇಕು ಎಂದು ಸೇವೆ ರೂಪಿಸುವವರು ತೀರ್ಮಾನಿಸುತ್ತಾರೆ. ಈಗ ಇರುವುದನ್ನು ಬರೆಯುವಾಗ ಲೇಬಲ್ ಬಾಕ್ಸನ್ನು ಗೆರೆಯ ಕೆಳಗೆ ಬರೆಯಿರಿ, ಯಾಕೆಂದರೆ ಗ್ರಾಹಕರಿಗೆ ಅದು ಕಾಣುತ್ತಿಲ್ಲ. ಸುಧಾರಣೆಯ ಹಾಳೆಯಲ್ಲಿ ಅದೇ ಬಾಕ್ಸನ್ನು ಗೆರೆಯ ಮೇಲೆ ತನ್ನಿ. ಈಗಿನದು ಮತ್ತು ಮುಂದಿನದು ಎಂದು ಎರಡು ಹಾಳೆ ಇರಲೇಬೇಕು. ಎರಡನ್ನೂ ಬೆರೆಸಿ, ಇರುವುದು ಯಾವುದು, ಇರಬೇಕೆಂದು ಬಯಸುವುದು ಯಾವುದು ಎಂದು ಗೊತ್ತಾಗದ ಚಿತ್ರ ಬರೆಯುವುದು ವಿದ್ಯಾರ್ಥಿಗಳ ಕೆಲಸದಲ್ಲಿ ಅತಿ ಸಾಮಾನ್ಯ ದೋಷ.

ಗೆರೆಯ ಮೇಲೆ ತಂದದ್ದೆಲ್ಲ ಒಳ್ಳೆಯದೇ ಆಗುತ್ತದೆ ಎಂದಲ್ಲ. 'ನಿಮ್ಮ ಸ್ಯಾಂಪಲ್ ಲ್ಯಾಬ್ ತಲುಪಿದೆ', 'ಪರೀಕ್ಷೆ ನಡೆಯುತ್ತಿದೆ' ಎಂದು ಸಂದೇಶ ಕಳಿಸಲು ಶುರುಮಾಡಿದರೆ ರಿಪೋರ್ಟ್ ಎಲ್ಲಿದೆ ಎಂದು ಕೇಳುವ ಕರೆಗಳು ಕಡಿಮೆಯಾಗುತ್ತವೆ. ಆದರೆ ಎರಡನೇ ಸಂದೇಶ ಮಧ್ಯಾಹ್ನದವರೆಗೆ ಬಾರದಿದ್ದರೆ, ಮೊದಲು ಯಾರಿಗೂ ಕಾಣದಿದ್ದ ತಡ ಈಗ ಎಲ್ಲರಿಗೂ ಕಾಣುತ್ತದೆ. ಯಾವ ಹಂತದ ಸಮಯ ನಿಮ್ಮ ಹಿಡಿತದಲ್ಲಿದೆಯೋ ಅದನ್ನಷ್ಟೇ ಕಾಣಿಸಬೇಕು.

ಸಾಫ್ಟ್‌ವೇರ್ ಬಗ್ಗೆ. ಗ್ರಾಹಕರ ಬೆರಳು ನೇರವಾಗಿ ಮುಟ್ಟುವ ಆ್ಯಪ್, ಟೋಕನ್ ಯಂತ್ರ, ಹಣ ಕಟ್ಟುವ ಪರದೆ, ಇವು ಸಂಪರ್ಕ ಗೆರೆಯ ಕೆಳಗೆ, ಗೋಚರ ಗೆರೆಯ ಮೇಲೆ, ಎದುರಿನ ತಂತ್ರಜ್ಞಾನ ಎಂದು ಸಿಬ್ಬಂದಿಯ ಸಾಲಿನ ಪಕ್ಕದಲ್ಲೇ ಬರುತ್ತವೆ. ಸಿಬ್ಬಂದಿ ಮಾತ್ರ ನೋಡುವ ಲ್ಯಾಬ್ ಸಾಫ್ಟ್‌ವೇರ್ ಬೆಂಬಲ ಪ್ರಕ್ರಿಯೆ. ಒಂದೇ ಸಾಫ್ಟ್‌ವೇರಿನ ಎರಡು ಮುಖ ಎರಡು ಸಾಲಿನಲ್ಲಿ ಬಂದರೆ ತಪ್ಪಿಲ್ಲ.

ಫೋನ್ ಕರೆಯಲ್ಲಿ ಮಾತ್ರ ಒಮ್ಮತವಿಲ್ಲ. ಬಿಟ್ನರ್ ಅವರ ರೂಪದಲ್ಲಿ ಫೋನ್ ಮಾತುಕತೆ ಗೋಚರ ಗೆರೆಯ ಕೆಳಗೆ ಬರುತ್ತದೆ. ಸಿಬ್ಬಂದಿಗೆ ಗ್ರಾಹಕರೊಂದಿಗೆ ಸಂಪರ್ಕವಿದೆ, ಆದರೆ ಕಾಣುವುದಿಲ್ಲ ಎಂಬುದು ತರ್ಕ. ಗ್ರಾಹಕರು ಕೇಳಿಸಿಕೊಳ್ಳುವುದೂ ಅನುಭವವೇ ಎಂದು ಹಲವು ಡಿಸೈನರುಗಳು ಅದನ್ನು ಮೇಲಿಡುತ್ತಾರೆ. ನನ್ನ ಮತವೂ ಮೇಲಿಡುವ ಕಡೆಗೇ. ಆದರೆ ನಿಮ್ಮ ಪಠ್ಯ ಬಿಟ್ನರ್ ಅವರನ್ನು ಅನುಸರಿಸುತ್ತಿದ್ದರೆ ಪರೀಕ್ಷೆಗೆ ಹಾಗೇ ಬರೆಯಿರಿ, ಯಾವ ನಿಯಮ ಬಳಸಿದ್ದೀರಿ ಎಂದು ಹಾಳೆಯ ಮೂಲೆಯಲ್ಲಿ ಒಂದು ಸಾಲು ಹಾಕಿ.

ಆಪರೇಷನ್ಸ್ ಮೇಷ್ಟ್ರು

ಫೋನ್ ವಿಷಯದಲ್ಲಿ ನಾನು ಕೆಳಗಿಡುವ ಪಕ್ಷ. ಕರೆ ಮಾಡುವವರ ಮುಖ, ಮೇಜು, ಪರದೆ ಯಾವುದೂ ಗ್ರಾಹಕರಿಗೆ ಕಾಣದಿರುವುದರಿಂದ ಅಲ್ಲಿ ಭೌತಿಕ ಪುರಾವೆಯ ಸಾಲು ಖಾಲಿಯೇ ಉಳಿಯುತ್ತದೆ, ಆ ಖಾಲಿ ಜಾಗವೇ ಒಂದು ಮಾಹಿತಿ. ಉಳಿದಂತೆ ಸರ್ವಿಸ್ ಡಿಸೈನರ್ ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ, ಅದರಲ್ಲೂ ಎರಡು ಹಾಳೆಯ ಮಾತಿಗೆ.

ಸರದಿ ಲೆಕ್ಕ

ನಾಲ್ಕನೇ ಪ್ರಶ್ನೆಗೆ ಇನ್ನೂ ಯಾರೂ ಪೂರ್ತಿ ಉತ್ತರಿಸಿಲ್ಲ. ಎಲ್ಲ ಬಾಕ್ಸಿಗೂ ಗುರುತು ಹಾಕಿದರೆ ಗುರುತೇ ಹಾಕದಿದ್ದಷ್ಟು ಸಮ. ಉತ್ಪಾದನಾ ಕ್ಷೇತ್ರದ ಎಫ್‌ಎಂಇಎ (ಯಾವ ತಪ್ಪು ಆಗಬಹುದು, ಅದರ ಪರಿಣಾಮವೇನು ಎಂದು ಮೊದಲೇ ಅಳೆಯುವ) ವಿಧಾನ ಇಲ್ಲಿ ಚೆನ್ನಾಗಿ ಒದಗುತ್ತದೆ. ಪ್ರತಿ ತಪ್ಪಿಗೂ ಮೂರು ಅಂಕ, ತಲಾ 1ರಿಂದ 10: ಪರಿಣಾಮ ಎಷ್ಟು ಗಂಭೀರ, ಎಷ್ಟು ಬಾರಿ ಆಗುತ್ತದೆ, ಗ್ರಾಹಕರನ್ನು ಮುಟ್ಟುವ ಮೊದಲು ಹಿಡಿಯುವುದು ಎಷ್ಟು ಕಷ್ಟ. ಮೂರನ್ನೂ ಗುಣಿಸಿ, ಹೆಚ್ಚು ಬಂದ ನಾಲ್ಕೈದಕ್ಕೆ ಮಾತ್ರ ಗುರುತು ಹಾಕಿ.

ಗುಣಿಸುವುದರಲ್ಲಿ ಒಂದು ಅಪಾಯವಿದೆ. ಉಪವಾಸ ಮಾಡದೆ ಬರುವುದಕ್ಕೆ 4, 7, 2 ಕೊಟ್ಟರೆ 56. ಇಬ್ಬರ ಟ್ಯೂಬಿಗೆ ಲೇಬಲ್ ಅದಲುಬದಲಾಗುವುದಕ್ಕೆ 10, 1, 5 ಕೊಟ್ಟರೆ 50. ಪಟ್ಟಿಯಲ್ಲಿ ಅದಲುಬದಲು ಕೆಳಗೆ ಹೋಯಿತು, ಆದರೆ ಒಬ್ಬರ ಫಲಿತಾಂಶದ ಮೇಲೆ ಇನ್ನೊಬ್ಬರಿಗೆ ಚಿಕಿತ್ಸೆಯಾಗುವ ತಪ್ಪು ಅದು. ಹಾಗಾಗಿ ಗಂಭೀರತೆ 9 ಅಥವಾ 10 ಇರುವುದನ್ನು ಗುಣಲಬ್ಧ ಎಷ್ಟೇ ಇರಲಿ, ಮೊದಲು ಎತ್ತಿಡಿ.

ಗುರುತು ಹಾಕಿದ ಮೇಲೆ ತಪ್ಪು ಯಾರದು ಎಂದು ವಿಂಗಡಿಸಿ. ಚೇಸ್ ಮತ್ತು ಸ್ಟೀವರ್ಟ್ 1994ರಲ್ಲಿ ಪೋಕಾ ಯೋಕೆ (ತಪ್ಪು ಆಗದಂತೆ ಮೊದಲೇ ತಡೆ ಹಾಕುವ) ಕಲ್ಪನೆಯನ್ನು ಸೇವೆಗಳಿಗೆ ಹೊಂದಿಸುವಾಗ ಗ್ರಾಹಕರ ತಪ್ಪುಗಳನ್ನೂ ಸೇರಿಸಿದರು: ತಯಾರಿಯಲ್ಲಿ, ಭೇಟಿಯ ಹೊತ್ತಿನಲ್ಲಿ, ಮುಗಿದ ಮೇಲೆ. ಉಪವಾಸ ತಪ್ಪಿಸುವುದು ತಯಾರಿಯ ತಪ್ಪು. ಗ್ರಾಹಕರನ್ನು ದೂರಿ ಪ್ರಯೋಜನವಿಲ್ಲ, ಹಿಂದಿನ ಸಂಜೆ 'ರಾತ್ರಿ ಇಷ್ಟು ಗಂಟೆಯ ನಂತರ ನೀರು ಬಿಟ್ಟು ಬೇರೇನೂ ಬೇಡ' ಎಂದು ಗಂಟೆ ನಮೂದಿಸಿದ ಸಂದೇಶ ಹೋಗಬೇಕು, ನೋಂದಣಿ ಮೇಜಿನಲ್ಲಿ ಹಣ ಕಟ್ಟಿಸಿಕೊಳ್ಳುವ ಮೊದಲೇ ಕೊನೆಯ ಊಟ ಯಾವಾಗ ಎಂದು ಕೇಳಬೇಕು. ಈಗ ಎಷ್ಟೋ ಕಡೆ ಆ ಪ್ರಶ್ನೆ ಬರುವುದು ಸೂಜಿ ಕೈಯಲ್ಲಿ ಹಿಡಿದ ಮೇಲೆ. ಅಷ್ಟರಲ್ಲಿ ಗ್ರಾಹಕರ ಹಣ, ಸರದಿಯ ಸಮಯ ಎರಡೂ ಹೋಗಿರುತ್ತದೆ.

ಇನ್ನು ಗ್ರಾಹಕರು ಕಾಯುವ ಜಾಗಗಳಿಗೆ ಹಾಕುವ ಗುರುತಿಗೆ ಬರೋಣ. ಖಾಲಿ ಹೊಟ್ಟೆಯ ಪರೀಕ್ಷೆ ಎಂದರೆ ಎಲ್ಲರೂ ಬೆಳಿಗ್ಗೆಯೇ ಬರುತ್ತಾರೆ, ಕ್ಯೂಗೆ ಕಾರಣ ಪರೀಕ್ಷೆಯ ನಿಯಮದಲ್ಲೇ ಇದೆ. ಒಂದು ಲೆಕ್ಕ ಊಹಿಸಿಕೊಳ್ಳಿ. ಗಂಟೆಗೆ 30 ಜನ ಬರುತ್ತಾರೆ, ಗುರುತು ಕೇಳಿ, ರಕ್ತ ತೆಗೆದು, ಲೇಬಲ್ ಅಂಟಿಸಲು ಒಬ್ಬರಿಗೆ 5 ನಿಮಿಷ, ಟೆಕ್ನಿಷಿಯನ್ ಇಬ್ಬರು. ಗಂಟೆಗೆ 24 ಜನರ ಕೆಲಸವಷ್ಟೇ ಮುಗಿಯುತ್ತದೆ, 6 ಜನ ಉಳಿಯುತ್ತಾರೆ. ಎರಡು ಗಂಟೆಯಲ್ಲಿ 12 ಜನ ಕ್ಯೂನಲ್ಲಿ, ಆಗ ಬಂದವರು ಅರ್ಧ ಗಂಟೆ ಕಾಯಬೇಕು. ಮೂರನೆಯವರನ್ನು ಆ ಎರಡು ಗಂಟೆಗೆ ಕೂರಿಸಿದರೆ ಗಂಟೆಗೆ 36, ಕ್ಯೂ ಬೆಳೆಯುವುದು ನಿಲ್ಲುತ್ತದೆ. ಕುರ್ಚಿ ಎಷ್ಟು ಬೇಕು ಎಂಬುದಕ್ಕೆ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಸಾಕು: ಬರುವವರ ವೇಗವನ್ನು ಸರಾಸರಿ ಕಾಯುವ ಸಮಯದಿಂದ ಗುಣಿಸಿದರೆ ಕಾಯುತ್ತಿರುವವರ ಸರಾಸರಿ ಸಂಖ್ಯೆ ಸಿಗುತ್ತದೆ. ಗಂಟೆಗೆ 30 ಜನ, ಸರಾಸರಿ ಕಾಯುವಿಕೆ 20 ನಿಮಿಷ ಎಂದರೆ ಯಾವುದೇ ಹೊತ್ತಿನಲ್ಲಿ ಸರಾಸರಿ 10 ಜನ ಕಾಯುತ್ತಿರುತ್ತಾರೆ. ಅದು ಸರಾಸರಿ ಮಾತ್ರ, ಜೊತೆಗೆ ಬಂದವರೂ ಕೂರುತ್ತಾರೆ, ಹತ್ತೇ ಕುರ್ಚಿ ಹಾಕಿದರೆ ಸಾಲದು.

ಎಂಬಿಎ ಎರಡನೇ ಸೆಮ್

ಎಲ್ಲರಿಗೂ ಧನ್ಯವಾದ. ಮನೆಗೆ ಬರುವ ಸೇವೆಯನ್ನು ತೆಗೆದ ಮೇಲೆ 12 ಕಂಬ ಉಳಿದವು. ಲೇಬಲ್ ಬಾಕ್ಸ್ ಈಗಿನ ಹಾಳೆಯಲ್ಲಿ ಗೆರೆಯ ಕೆಳಗೆ, ಮುಂದಿನ ಹಾಳೆಯಲ್ಲಿ ಮೇಲೆ. ನನ್ನ ಮೂರು ಸೂಚನೆಗಳು ಹೀಗಿವೆ. ಒಂದು, ಲೇಬಲ್ ಗ್ರಾಹಕರ ಎದುರೇ ಅಂಟಿಸುವುದು. ಎರಡು, ಸಿಬ್ಬಂದಿಗೆ ಸೌಜನ್ಯದ ತರಬೇತಿ. ಮೂರು, ಸಂಗ್ರಹ ಕೋಣೆಯಿಂದ ಸ್ಯಾಂಪಲ್‌ಗಳನ್ನು ಈಗ ಗಂಟೆಗೊಮ್ಮೆ ಒಯ್ಯುತ್ತಾರೆ ಎಂದಿಟ್ಟುಕೊಂಡು, ಅದನ್ನು 15 ನಿಮಿಷಕ್ಕೊಮ್ಮೆ ಮಾಡಿ ರಿಪೋರ್ಟ್ ಬೇಗ ಕೊಡುವುದು. ಇವು ಸಾಕೇ? ಮತ್ತೆ, ಚಿತ್ರ ಸರಿ ಇದೆಯೇ ಎಂದು ಒಪ್ಪಿಸುವ ಮೊದಲು ಹೇಗೆ ಪರೀಕ್ಷಿಸುವುದು?

ಆಪರೇಷನ್ಸ್ ಮೇಷ್ಟ್ರು

ಎರಡನೆಯದನ್ನು ಕೈಬಿಡಿ. ಸೌಜನ್ಯ ಮುಖ್ಯವಲ್ಲ ಎಂದಲ್ಲ, ಆ ಸೂಚನೆ ಕೊಡಲು ಬ್ಲೂಪ್ರಿಂಟ್ ಬರೆಯಬೇಕಾಗಿರಲಿಲ್ಲ. ಪ್ರತಿ ಸೂಚನೆಯೂ ಚಿತ್ರದ ಒಂದು ಬಾಕ್ಸನ್ನೋ ಬಾಣವನ್ನೋ ಬೆರಳಿಟ್ಟು ತೋರಿಸಬೇಕು, ಯಾರು ಮಾಡಬೇಕು, ಯಾವ ಅಳತೆ ಬದಲಾಗಬೇಕು ಎಂದು ಹೇಳಬೇಕು. ಅದರ ಜಾಗದಲ್ಲಿ ಉಪವಾಸದ ಸಂದೇಶ ಮತ್ತು ನೋಂದಣಿ ಮೇಜಿನ ಪ್ರಶ್ನೆಯನ್ನು ಹಾಕಿ. ಅಳತೆ: ನೋಂದಣಿ ಆದ ಮೇಲೆ ಉಪವಾಸವಿಲ್ಲ ಎಂಬ ಕಾರಣಕ್ಕೆ ವಾಪಸ್ ಹೋದವರ ಸಂಖ್ಯೆ, ವಾರಕ್ಕೆ. ಜವಾಬ್ದಾರಿ: ಸಂದೇಶಕ್ಕೆ ಸಾಫ್ಟ್‌ವೇರ್ ನೋಡಿಕೊಳ್ಳುವವರು, ಪ್ರಶ್ನೆಗೆ ಮೇಜಿನವರು.

ಚಿತ್ರದ ಪರೀಕ್ಷೆ ಎರಡು ಬಗೆ. ಮೊದಲು ಚಿತ್ರವನ್ನು ಆ ಕೆಲಸ ಮಾಡುವವರ ಮುಂದಿಟ್ಟು 'ಇಲ್ಲಿ ಏನು ಬಿಟ್ಟಿದ್ದೇನೆ?' ಎಂದು ಕೇಳಿ. ಮೇಲಧಿಕಾರಿಗಳನ್ನಷ್ಟೇ ಕೇಳಿದರೆ ನಿಯಮಪುಸ್ತಕದಲ್ಲಿರುವ ಸೇವೆ ಸಿಗುತ್ತದೆ, ನಿಜವಾಗಿ ನಡೆಯುವ ಸೇವೆ ಟೆಕ್ನಿಷಿಯನ್ ಮತ್ತು ಸ್ಯಾಂಪಲ್ ಒಯ್ಯುವವರಿಗೆ ಗೊತ್ತು. ಆಮೇಲೆ ಒಂದು ಅಡ್ಡಿಯನ್ನು ಕಲ್ಪಿಸಿ ಚಿತ್ರದ ಮೇಲೆ ಬೆರಳಾಡಿಸಿ: ಇಡಿಟಿಎ ಸ್ಯಾಂಪಲ್ ಹೆಪ್ಪುಗಟ್ಟಿ ತಿರಸ್ಕೃತವಾಯಿತು. ಯಾರಿಗೆ ಮೊದಲು ತಿಳಿಯುತ್ತದೆ, ಯಾರು ಕರೆ ಮಾಡುತ್ತಾರೆ, ಮತ್ತೆ ಬಂದ ಗ್ರಾಹಕರು ಮತ್ತೆ ಕ್ಯೂನಲ್ಲಿ ನಿಲ್ಲಬೇಕೇ, ಉಳಿದ ಎರಡು ಫಲಿತಾಂಶ ಈಗಲೇ ಕೊಡುತ್ತಾರೆಯೇ? ಬಾಣ ಎಲ್ಲಿ ಹೋಗದೆ ನಿಲ್ಲುತ್ತದೋ ಅಲ್ಲಿ ನಿಮ್ಮ ಚಿತ್ರದಲ್ಲಾದರೂ ಕೊರತೆಯಿದೆ, ಆ ಸೇವೆಯಲ್ಲಾದರೂ ಕೊರತೆಯಿದೆ.

ಸರದಿ ಲೆಕ್ಕ

ಮೂರನೇ ಸೂಚನೆಯನ್ನು ಲೆಕ್ಕ ಹಾಕಿ ನೋಡಿ, ಎಣಿಸಿದಷ್ಟು ಫಲ ಸಿಗುವುದಿಲ್ಲ. ಗಂಟೆಗೊಮ್ಮೆ ಒಯ್ದರೆ ಟ್ಯೂಬ್ ಸರಾಸರಿ 30 ನಿಮಿಷ ಸುಮ್ಮನೆ ಕೂರುತ್ತದೆ, 15 ನಿಮಿಷಕ್ಕೊಮ್ಮೆ ಒಯ್ದರೆ 7.5 ನಿಮಿಷ. ಇಡಿಟಿಎ ಟ್ಯೂಬಿಗೆ 22.5 ನಿಮಿಷ ಪೂರ್ತಿ ಉಳಿಯಿತು. ಸೀರಮ್ ಟ್ಯೂಬ್ ಹಾಗಲ್ಲ. ಬೇಗ ತಲುಪಿದರೂ ಹೆಪ್ಪುಗಟ್ಟಲು 30 ನಿಮಿಷ ಆಗಲೇಬೇಕು. ಒಯ್ಯುವ ಹಾದಿಯ ಸಮಯ ಬಿಟ್ಟು ಲೆಕ್ಕ ಹಾಕಿದರೆ, ಗಂಟೆಗೊಮ್ಮೆಯ ಕ್ರಮದಲ್ಲಿ ಸೀರಮ್ ಟ್ಯೂಬ್ ಸೆಂಟ್ರಿಫ್ಯೂಜಿಗೆ ಸಿದ್ಧವಾಗಲು ಸರಾಸರಿ 37.5 ನಿಮಿಷ, ಹೊಸ ಕ್ರಮದಲ್ಲಿ 30. ಉಳಿತಾಯ 7.5 ನಿಮಿಷ ಮಾತ್ರ. ಮೂರೂ ಫಲಿತಾಂಶ ಒಂದೇ ರಿಪೋರ್ಟಿನಲ್ಲಿ ಒಟ್ಟಿಗೆ ಹೋಗುವ ನಿಯಮವಿದ್ದರೆ, ಅದರ ಸಮಯವನ್ನು ತೀರ್ಮಾನಿಸುವುದು ಎಲ್ಲಕ್ಕಿಂತ ನಿಧಾನದ ಟ್ಯೂಬ್. ಒಯ್ಯುವವರ ಓಡಾಟ ನಾಲ್ಕು ಪಟ್ಟು, ಗ್ರಾಹಕರಿಗೆ ಸಿಕ್ಕಿದ್ದು ಏಳೂವರೆ ನಿಮಿಷ.

ಅದಕ್ಕೆ ಎರಡು ದಾರಿ. 30 ನಿಮಿಷಕ್ಕೊಮ್ಮೆ ಒಯ್ದರೆ ಸೀರಮಿಗೆ ಅದೇ 30 ನಿಮಿಷದ ಸರಾಸರಿಯೇ ಬರುತ್ತದೆ, ಯಾಕೆಂದರೆ ಒಯ್ಯಲು ಕಾಯುವ ಸಮಯ ಹೆಪ್ಪುಗಟ್ಟುವ ಸಮಯದೊಳಗೇ ಅಡಗುತ್ತದೆ, ಓಡಾಟ ಎರಡೇ ಪಟ್ಟು. ಇಲ್ಲವೇ 15 ನಿಮಿಷವೇ ಇರಲಿ ಎನ್ನುವುದಾದರೆ ರಕ್ತಕಣಗಳ ಎಣಿಕೆಯನ್ನು ಭಾಗಶಃ ರಿಪೋರ್ಟ್ ಎಂದು ಮೊದಲೇ ಬಿಡುಗಡೆ ಮಾಡುವ ಬಾಕ್ಸ್ ಸೇರಿಸಿ.

ಲ್ಯಾಬ್ ಕ್ವಾಲಿಟಿ

ಭಾಗಶಃ ರಿಪೋರ್ಟ್ ದಾರಿ ಹಿಡಿದರೆ ಅದರ ಮೇಲೆ 'ಇನ್ನೆರಡು ಫಲಿತಾಂಶ ಬಾಕಿ' ಎಂದು ದಪ್ಪ ಅಕ್ಷರದಲ್ಲಿ ಇರಲಿ, ಭೌತಿಕ ಪುರಾವೆಯ ಸಾಲಿನಲ್ಲಿ ಅದನ್ನು ಬೇರೆ ವಸ್ತುವಾಗಿ ಬರೆಯಿರಿ. ಅದಿಲ್ಲದಿದ್ದರೆ ಗ್ರಾಹಕರು ಅಷ್ಟನ್ನೇ ಪೂರ್ಣ ರಿಪೋರ್ಟ್ ಎಂದುಕೊಂಡು ವೈದ್ಯರ ಬಳಿ ಹೋಗುತ್ತಾರೆ, ನಿಮ್ಮ ಬ್ಲೂಪ್ರಿಂಟಿಗೆ ಹೊಸದೊಂದು ಫೇಲ್ ಪಾಯಿಂಟ್ ಸೇರುತ್ತದೆ. ಅಸೈನ್‌ಮೆಂಟಿಗೆ 30 ನಿಮಿಷದ ದಾರಿಯೇ ಸಾಕು, ಮೇಲಿನ ಲೆಕ್ಕವನ್ನು ಅದರ ಪಕ್ಕದಲ್ಲೇ ಬರೆಯಿರಿ.